ಕ್ಯಾಂಟೀನಿನ ಬಕೆಟ್ಟೂ ಸತ್ವಾದ ಬೆಕ್ಕುಗಳೂ

ಒಳ್ಳೆಯ ಕೆಲಸಕ್ಕೆ ನಾನು ಕೈಹಾಕಿದರೆ ಸಾಕು, ಅದು ಎಲ್ಲೆಲ್ಲೋ ಸುತ್ತಿ ಬಂದು ನನ್ನ ತಲೆಯ ಮೇಲೆಯೇ ಬೀಳುತ್ತದೆ. ಊರಲ್ಲೂ ಹಾಗೆ, ದುಬೈಯಲ್ಲೂ ಹಾಗೆ. ಶಾಲೆಯ ಮೆಟ್ಟಿಲು ಹತ್ತದವ ನಾನು. ಆದರೂ ತೊಂಬತ್ತರ ದಶಕದಲ್ಲಿ ದುಬೈಯ ಸತ್ವಾ ಅನ್ನುವ ಪೇಟೆಯ ಹತ್ತಿರ ಒಂದು ಇಂಡಿಯನ್ ಶಾಲೆಯ ಕ್ಯಾಂಟೀನು ನನ್ನ ಕೈಯಲ್ಲಿತ್ತು. ನನ್ನ ಉಪ್ಪಿಟ್ಟಿನ ಪರಿಮಳಕ್ಕೆ ಶಾರ್ಜಾಕ್ಕೆ ಹೊರಟ ಟ್ಯಾಕ್ಸಿ ದಾರಿ ತಪ್ಪಿ ನಮ್ಮ ಗೇಟಿಗೆ ಬಂದು ನಿಲ್ಲುತ್ತಿತ್ತು. ಆ ಡ್ರೈವರ್ ಪಠಾಣ ಈಗ ಎಲ್ಲಿದ್ದಾನೋ, ಸಿಕ್ಕಿದ್ದರೆ ಸಾಕ್ಷಿ ಹೇಳಿಸುತ್ತಿದ್ದೆ.

ಒಂದು ವರ್ಷ ಮೈಸೂರಿಂದ ಹೊಸ ಟೀಚರೊಬ್ಬರು ಬಂದರು. ಪಟ್ಟಣದವರ ಊಟ ಎಲ್ಲಿಂದ ಬರುತ್ತದೆ, ಯಾರಿಗೆ ಎಷ್ಟು ಸಿಗುತ್ತದೆ, ಎಷ್ಟು ಕಸಕ್ಕೆ ಹೋಗುತ್ತದೆ ಅಂತ ಏಳನೆಯ ಕ್ಲಾಸಿನ ಮಕ್ಕಳಿಗೆ ಪಾಠ ಶುರುಮಾಡಿದರು. ಪಾಠದ ಜಾಗ ನನ್ನ ಕ್ಯಾಂಟೀನು. ಮಕ್ಕಳು ಬಿಟ್ಟ ತಿಂಡಿ ಹಾಕಲಿಕ್ಕೆ ಕೈತೊಳೆಯುವಲ್ಲಿ ಒಂದು ನೀಲಿ ಬಕೆಟ್ ಇಟ್ಟರು. ಅದು ದಿನಾ ತುಂಬುವುದನ್ನು ಪ್ರಿನ್ಸಿಪಾಲ್ ಮೇಡಂ ನೋಡಿಬಿಟ್ಟರು. "ವರ್ಷದ ಕೊನೆಗೆ ಪ್ರದರ್ಶನ ಇದೆ. ಆ ದಿನ ಈ ಬಕೆಟ್ ಖಾಲಿ ಇರಬೇಕು. ಇಲ್ಲದಿದ್ದರೆ ಕ್ಯಾಂಟೀನು ಪ್ಯಾಕೆಟ್ ತಿಂಡಿಯ ಕಂಪನಿಗೆ. ನಿಮ್ಮ ವೀಸಾ ಖಲಾಸ್," ಅಂದರು. ನಗುತ್ತಲೇ ಅಂದರು. ನನಗೆ ನಗು ಬರಲಿಲ್ಲ.

ಪಿನ್ನು

ಟೀಚರ್ ಗೋಡೆಗೆ ದೊಡ್ಡ ನಕ್ಷೆ ತೂಗುಹಾಕಿ, ತಟ್ಟೆಯಲ್ಲಿದ್ದದ್ದು ಯಾವ ದೇಶದ್ದೋ ಅಲ್ಲಿಗೆ ಪಿನ್ ಚುಚ್ಚಿ ಅಂದರು. ಎರಡು ಜಡೆಯ ಒಬ್ಬ ಹುಡುಗಿ ನನ್ನ ಮುಂದೆ ನಿಂತಳು.

"ಅಂಕಲ್, ಆನಿಯನ್?"

"ನಾಸಿಕದ್ದು ಮಗಾ."

"ಟೊಮೇಟೊ?"

"ಜೋರ್ಡಾನ್."

"ರೈಸ್?"

"ಪಾಕಿಸ್ತಾನ."

ಬೆಳ್ಳುಳ್ಳಿ ಚೀನಾದ್ದು, ಗೋಧಿ ಆಸ್ಟ್ರೇಲಿಯಾದ್ದು. ನಾವು ನಿಂತ ದೇಶಕ್ಕೆ ಮಾತ್ರ ಪಿನ್ ಇಲ್ಲ. ಹುಡುಗಿ ನನ್ನನ್ನೇ ಮೇಲಿಂದ ಕೆಳಗೆ ನೋಡಿ, "ಅಂಕಲ್, ನೀವು?" ಅಂದಳು. ಕುಂದಾಪುರ ಅಂದೆ. "ಓ, ಕುಕ್ ಆಲ್ಸೋ ಇಂಪೋರ್ಟೆಡ್!" ಅಂತ ಅಲ್ಲಿಗೂ ಒಂದು ಚುಚ್ಚಿದಳು.

"ನೀರು ಇಲ್ಲಿಯದೇ ಅಲ್ವಾ?" ಅಂದೆ, ಈ ದೇಶದ ಮರ್ಯಾದೆ ಉಳಿಸಲಿಕ್ಕೆ. "ಸಮುದ್ರದ ನೀರು. ಉಪ್ಪು ತೆಗೆದು ಕಳಿಸ್ತಾರೆ."

ಟೀಚರ್ ಬಾಯಿಯ ಮೇಲೆ ಕೈ ಇಟ್ಟರು. "ಅಲ್ಲ ಅಂಕಲ್, ಅವರು ಅಷ್ಟೊಂದು ಎಣ್ಣೆ ಸುಟ್ಟು ಉಪ್ಪು ತೆಗೀತಾರೆ, ನೀವು ಅದಕ್ಕೇ ವಾಪಸ್ ಉಪ್ಪು ಸುರೀತೀರಲ್ಲ!"

ಮಾತು ನನಗೆ ನಾಟಿತು. ಭೂಮಿ ಉಳಿಯಲಿ ಅಂತ ಮರುದಿನದಿಂದ ಉಪ್ಪು ಕಡಿಮೆ ಮಾಡಿದೆ. ಬಕೆಟ್ಟು ತುಂಬಿ ನೆಲಕ್ಕೆ ಚೆಲ್ಲಿತು.

ಮಳೆಗೆ ಮುಂಚೆ

ನಾವೇ ಬೆಳೆದು ನಾವೇ ತಿನ್ನುವ ಅಂತ ಟೀಚರ್ ತಾರಸಿಯಲ್ಲಿ ತೋಟ ಮಾಡಿಸಿದರು. ಬೆಳೆಯುವ ವಿಷಯ ನನಗೆ ಹೇಳಿಕೊಡಬೇಕಾ? ಊರಲ್ಲಿ ನಾನು ನೆಟ್ಟ ಬಸಳೆ ಒಮ್ಮೆ ನಮ್ಮ ತೆಂಗಿನ ಮರ ಹತ್ತಿ ಆಚೆಮನೆಯ ತೆಂಗಿನ ಮರದಲ್ಲಿ ಇಳಿದಿತ್ತು. ಅವರು ಮಳೆಗಾಲ ಪೂರ್ತಿ ತಮ್ಮದೇ ಅಂತ ಕೊಯ್ದು ತಿಂದರು.

"ಮೇ ತಿಂಗಳು ಬಂತು, ಈಗಲೇ ನೆಡಬೇಕು. ಮಳೆ ಹಿಡಿದರೆ ಆಮೇಲೆ ಕೈಗೆ ಸಿಗ್ಲಿಕ್ಕಿಲ್ಲ," ಅಂದೆ.

"ಹೌದು ಹೌದು, ಮುಂಗಾರಿಗೆ ಮುಂಚೆನೇ ಆಗ್ಬೇಕು," ಅಂದರು ಟೀಚರ್. ಯಾವ ದೇಶದಲ್ಲಿ ನಿಂತಿದ್ದೇವೆ ಅಂತ ಆ ಹೊತ್ತಿಗೆ ಇಬ್ಬರಿಗೂ ಹೊಳೆಯಲಿಲ್ಲ ಮಾರಾಯ್ರೆ.

ಬಸಳೆ, ಟೊಮೇಟೊ ನೆಟ್ಟೆವು. ಜೂನಿನಲ್ಲಿ ಮಕ್ಕಳು ದಿನಾ ಮೇಲೆ ನೋಡುವುದು. "ಅಂಕಲ್, ಮಳೆ?" "ಬರ್ತದೆ, ಮಂಗಳೂರಲ್ಲಿ ಬಂತಂತೆ, ಇನ್ನೇನು ಹೊರಟಿರ್ತದೆ." ಮಳೆ ಬರುವ ತನಕ ಅಂತ ತಾರಸಿಯ ಟಾಂಕಿಯಿಂದ ಮಧ್ಯಾಹ್ನ ನೀರು ಬಿಟ್ಟೆವು. ಆ ಬಿಸಿಲಿಗೆ ಟಾಂಕಿಯ ನೀರು ಹೇಗಿರುತ್ತದೆ ಅಂತ ದುಬೈಯಲ್ಲಿ ಸ್ನಾನ ಮಾಡಿದವರಿಗೆ ಗೊತ್ತು. ಹಬೆ ಎದ್ದಿತು. ಹಬೆ ಇಳಿದಾಗ ಬಸಳೆ ಬಳ್ಳಿಯಲ್ಲೇ ಬೆಂದಿತ್ತು. ಒಗ್ಗರಣೆಯೊಂದು ಬಾಕಿ.

ನ್ಯಾಯದ ಟೊಮೇಟೊ

ರಜೆಗೆ ಎಲ್ಲರೂ ಊರಿಗೆ ಹೋಗಿ ಬಂದಾಗ ತೋಟದಲ್ಲಿ ಒಂದೇ ಒಂದು ಟೊಮೇಟೊ ಗಿಡ ಬದುಕಿತ್ತು. ಎಸಿಯ ಪೈಪಿನಿಂದ ತೊಟ್ಟಿಕ್ಕುವ ನೀರು ಅದರ ಬುಡಕ್ಕೇ ಬೀಳುತ್ತಿತ್ತು. ಚಳಿಗಾಲಕ್ಕೆ ಒಂದು ಹಣ್ಣು ಬಿಟ್ಟಿತು. ಒಂದೇ. ಕೆಂಪಗೆ, ಮದುಮಗಳ ಹಾಗೆ.

"ಇದನ್ನ ನ್ಯಾಯವಾಗಿ ಹಂಚೋದು ಹೇಗೆ? ನೀವೇ ಯೋಚಿಸಿ," ಅಂದರು ಟೀಚರ್.

ಗಿಡ ನೆಟ್ಟ ಹುಡುಗ "ನನಗೆ" ಅಂದ. ತಿಂಡಿ ತಾರದವರಿಗೆ ಕೊಡಬೇಕು ಅಂದ ಇನ್ನೊಬ್ಬ. ಎಸಿ ಪ್ರಿನ್ಸಿಪಾಲ್ ರೂಮಿನದ್ದು, ಹಾಗಾದರೆ ಮೇಡಂಗೇ ಸೇರಬೇಕು ಅಂತ ಮತ್ತೊಬ್ಬ. ದಿನಗಟ್ಟಲೆ ವಾದ. ನಾನು ನಡುವೆ ಬಾಯಿಹಾಕಿ, "ಇಲ್ಲಿ ಕೊಡಿ, ಸಾರು ಮಾಡಿ ಎಲ್ಲರಿಗೂ ಬಡಿಸ್ತೇನೆ. ಒಂದು ಟೊಮೇಟೊದಲ್ಲಿ ಮದುವೆಮನೆಗೆ ಸಾರು ಮಾಡಿದ ಕೈ ಇದು," ಅಂದೆ.

ಎರಡು ಜಡೆಯವಳು ಹೇಳಿದಳು, "ಅಂಕಲ್, ದಟ್ ಈಸ್ ನಾಟ್ ಜಸ್ಟೀಸ್. ದಟ್ ಈಸ್ ವಾಟರ್."

ನ್ಯಾಯ ತೀರ್ಮಾನ ಆಗುವಾಗ ಹಣ್ಣು ಕೊಳೆತು ಬಕೆಟ್ಟಿಗೆ ಬಿತ್ತು. ನಕ್ಷೆಯಲ್ಲಿ ಬರಿದಾಗಿದ್ದ ಜಾಗಕ್ಕೆ ಕೊನೆಗೂ ಒಂದು ಪಿನ್ ಬಂತು. ಬೆಳೆದದ್ದೂ ಇಲ್ಲಿ, ಕೊಳೆತದ್ದೂ ಇಲ್ಲಿ.

ಖಾಲಿ ಡಬ್ಬಿ

ಮಿಕ್ಕಿ ಬಿಸಾಡುವ ಬದಲು ಇಲ್ಲದವರಿಗೆ ಕೊಡುವ ಅಂತ ಒಂದು ಶುಕ್ರವಾರ, ಅಲ್ಲಿನ ರಜೆಯ ದಿನ, ಮಕ್ಕಳನ್ನು ಕಟ್ಟಡ ಕೆಲಸದವರ ಕ್ಯಾಂಪಿಗೆ ಕರೆದುಕೊಂಡು ಹೋದೆವು. ಮಕ್ಕಳ ಕೈಯಲ್ಲಿ ಡಬ್ಬಿ ಡಬ್ಬಿ ನೂಡಲ್ಸು, ಕೇಕು. ನನಗೆ ಒಳಗೊಳಗೇ ಖುಷಿ, ಬಕೆಟ್ಟಿನ ಭಾರ ಇಳಿಯಿತಲ್ಲ ಅಂತ.

ಅಲ್ಲಿನ ಹಿರಿಯನೊಬ್ಬ, ಗಡ್ಡ ನರೆತವ, ಡಬ್ಬಿಗಳನ್ನು ಬದಿಗಿಟ್ಟು ಚಾಪೆ ಹಾಸಿದ. "ಬಚ್ಚೇ ಲೋಗ್ ಮೆಹಮಾನ್ ಹೈ. ಪೆಹಲೇ ಖಾನಾ," ಅಂದ. ಬೇಡ ಅಂದರೆ ಕೇಳುವ ಜನವಲ್ಲ. ದಾಲು, ರೊಟ್ಟಿ ಬಡಿಸಿದರು. ನನ್ನ ಉಪ್ಪಿಟ್ಟನ್ನು ಅರ್ಧ ಬಿಡುವ ಆ ಮಕ್ಕಳೇ ತಟ್ಟೆ ನೆಕ್ಕಿ, ಇನ್ನೂ ಬೇಕು ಅಂದವು. ಪಾತ್ರೆಯ ತಳ ಕಂಡಿತು.

"ನಿಮಗೆ?" ಅಂದೆ.

"ಫಿಕರ್ ಮತ್ ಕರೋ ಭಾಯಿ," ಅಂತ ಅವನು ಖುಬೂಸ್ ಅನ್ನುವ ಒಣ ಅರಬ್ಬಿ ರೊಟ್ಟಿಗೆ ನೀರುಳ್ಳಿ ಕಚ್ಚಿಕೊಂಡ.

ಮರುದಿನ ಬೆಳಿಗ್ಗೆ ಅವನೇ ಶಾಲೆಯ ಗೇಟಿನಲ್ಲಿ. ಡಬ್ಬಿಗಳನ್ನೆಲ್ಲ ಫಳಫಳ ತೊಳೆದು ತಂದಿದ್ದ. ನಮ್ಮ ಅಮ್ಮನೂ ನೆರೆಮನೆಯ ಪಾತ್ರೆಯನ್ನು ಖಾಲಿ ಹಿಂದೆ ಕಳಿಸಿದವಳಲ್ಲ, ಅವನೂ ಹಾಗೆ. ಪ್ರತಿ ಡಬ್ಬಿಯಲ್ಲೂ ದಾಲು-ರೊಟ್ಟಿ. ತಣ್ಣಗಾದ ರೊಟ್ಟಿಯನ್ನು ಮಕ್ಕಳು ಮುಟ್ಟಲಿಲ್ಲ. ನಾನು ಆದಷ್ಟು ತಿಂದೆ, ಟೀಚರ್ ಕಣ್ಣೊರೆಸಿಕೊಂಡು ತಿಂದರು, ಉಳಿದದ್ದಕ್ಕೆ ಇನ್ನೊಂದು ಬಕೆಟ್ ತರಿಸಬೇಕಾಯಿತು. ಹಸಿದವರಿಗೆ ಉಣಿಸಲಿಕ್ಕೆ ಹೋದ ನಾವು ಅವರ ಊಟವನ್ನು ಒಂದು ದಿನ ತಿಂದೆವು, ಇನ್ನೊಂದು ದಿನ ಎಸೆದೆವು.

ಪ್ರದರ್ಶನ

ಕೊನೆಗೆ ಆ ದಿನ ಬಂತು. ನನ್ನ ಮುಖ ನೋಡಿ ಎರಡು ಜಡೆಯವಳು ಹತ್ತಿರ ಬಂದು, "ಡೋಂಟ್ ವರಿ ಅಂಕಲ್, ನಿಮ್ಮ ಬಕೆಟ್ ಎಂಪ್ಟಿ ಇರುತ್ತೆ. ಪ್ರಾಮಿಸ್," ಅಂದಳು.

ಬೆಳಿಗ್ಗೆ ಉಪ್ಪಿಟ್ಟು ಮಾಡಿದೆ. ಜನ್ಮದಲ್ಲೇ ಅಂಥದ್ದು ಮಾಡಿರಲಿಲ್ಲ. ಕೈತುಂಬ ತುಪ್ಪ, ಪಾಠಕ್ಕೆ ಮರ್ಯಾದೆ ಕೊಟ್ಟು ಉಪ್ಪು ಒಂದು ಕಾಳೂ ಇಲ್ಲ. ಮಕ್ಕಳೆಲ್ಲ ತಟ್ಟೆ ತುಂಬಿಸಿಕೊಂಡು ಹೋದರು. ತಟ್ಟೆ ಖಾಲಿಯಾಗಿ ಬಂತು. ಬಕೆಟ್ಟಿನಲ್ಲಿ ನನ್ನ ಮುಖ ಕಾಣುತ್ತಿತ್ತು!

ಮುಖ್ಯ ಅತಿಥಿ ಶಾಲೆಯ ಕಮಿಟಿಯ ಹಿರಿಯರು, ಕೋಟು ಹಾಕಿದವರು. ಬಕೆಟ್ಟಿನೊಳಗೆ ಇಣುಕಿ, "ಶಹಬ್ಬಾಸ್!" ಅಂದರು. ಪ್ರಿನ್ಸಿಪಾಲ್ ಮೇಡಂ ಮೈಕ್ ಹಿಡಿದು, "ಒಂದು ಅಗುಳೂ ವ್ಯರ್ಥವಾಗದ ಶಾಲೆ ನಮ್ಮದು," ಅನ್ನುವಾಗ ಬಾಗಿಲಲ್ಲಿ ಒಂದು ಬೆಕ್ಕು ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಸತ್ವಾದ ಟೈಲರ್ ಅಂಗಡಿ, ಗ್ಯಾರೇಜುಗಳ ಬೆಕ್ಕುಗಳೆಲ್ಲ ಸಾಲಾಗಿ ಬಂದು ಮಕ್ಕಳ ಸ್ಕೂಲ್ ಬ್ಯಾಗುಗಳ ಮುಂದೆ ಒಂದೊಂದರಂತೆ ಕೂತವು, ಹಾಜರಿ ಕೂಗುವುದನ್ನು ಕಾಯುವವರ ಹಾಗೆ.

"ಇದೇನಮ್ಮಾ?" ಅಂತ ಅತಿಥಿಗಳು ಎದುರಿಗಿದ್ದ ಎರಡು ಜಡೆಯವಳನ್ನೇ ಕೇಳಿದರು. ಅವಳಿಗೆ ಸುಳ್ಳು ಹೇಳಲಿಕ್ಕೆ ಬಾರದು.

"ಬಕೆಟ್ ಎಂಪ್ಟಿ ಇರ್ಬೇಕಿತ್ತು ಸರ್. ಇಲ್ಲಾಂದ್ರೆ ಅಂಕಲ್ ವೀಸಾ ಖಲಾಸ್. ಸೋ ವಿ ಪುಟ್ ಇನ್ ದ ಬ್ಯಾಗ್ಸ್."

"ಅಲ್ಲಮ್ಮ, ತಿನ್ನಬಹುದಿತ್ತಲ್ಲ?"

ಹುಡುಗಿ ನನ್ನ ಕಡೆ ನೋಡಿದಳು. ಕಣ್ಣಲ್ಲಿ ನೀರು. "ಸರ್... ಹ್ಯಾವ್ ಯು ಟೇಸ್ಟೆಡ್ ಇಟ್?"

ಬಿಡುತ್ತೇನೆಯೇ ನಾನು? ಓಡಿಹೋಗಿ ದೊಡ್ಡ ತಟ್ಟೆಯಲ್ಲಿ ತಂದು ಕೈಗೇ ಕೊಟ್ಟೆ. "ತಿಂದು ನೋಡಿ ಸಾರ್. ಆಮೇಲೆ ಮಾತಾಡುವ."

ಒಂದು ಚಮಚ ಬಾಯಿಗೆ ಹೋಯಿತು. ದವಡೆ ನಿಂತಿತು. ಅವರು ಬಕೆಟ್ ನೋಡಿದರು. ಇಡೀ ಶಾಲೆ ಅವರನ್ನು ನೋಡುತ್ತಿತ್ತು. ಮೆಲ್ಲಗೆ ಕರ್ಚೀಫು ತೆಗೆದು, ಬಾಯಿ ಒರೆಸಿದಂತೆ ಮಾಡಿ, ಆ ಕಡೆ ತಿರುಗಿ ನಿಂತರು. ಈ ಕಡೆ ತಿರುಗುವಾಗ ತಟ್ಟೆ ಖಾಲಿ, ಕೋಟಿನ ಜೇಬು ಉಬ್ಬಿತ್ತು. "ಬಹಳ ಚೆನ್ನಾಗಿದೆ," ಅಂದರು. ಅವರು ಕಾರಿನ ಕಡೆ ಹೊರಟದ್ದೇ ತಡ, ಬ್ಯಾಗುಗಳ ಮುಂದಿದ್ದ ಬೆಕ್ಕುಗಳೆಲ್ಲ ಎದ್ದು ಅವರ ಹಿಂದೆ ಹೊರಟವು.

ಕ್ಯಾಂಟೀನು ಪ್ಯಾಕೆಟ್ ಕಂಪನಿಗೆ ಹೋಯಿತು. ನಾನು ಸಟ್ಟುಗ ಹಿಡಿದುಕೊಂಡು ಊರಿಗೆ ಬಂದೆ. ಈಗ ನನ್ನ ಉಪ್ಪಿಟ್ಟು ತಿನ್ನುವವ ನಾನೊಬ್ಬನೇ. ಉಪ್ಪಿಟ್ಟು ಸರಿ ಇರಲಿಲ್ಲ ಅಂತ ಈಗಲೂ ಹೇಳುವವರಿದ್ದಾರೆ. ಹೇಳಲಿ. ಆ ಬೆಕ್ಕುಗಳು ಕಾರಿನ ಹಿಂದೆ ಮಕ್ತೂಮ್ ಸೇತುವೆ ದಾಟಿ ಆಚೆದಡದ ದೇರಾದ ತನಕ ಓಡಿದ್ದನ್ನು ನಾನು ಈ ಕಣ್ಣಲ್ಲಿ ಕಂಡಿದ್ದೇನೆ. ಪ್ಯಾಕೆಟ್ ತಿಂಡಿಯ ಹಿಂದೆ ಅಷ್ಟು ದೂರ ಓಡಿದ ಒಂದೇ ಒಂದು ಬೆಕ್ಕನ್ನು ತಂದು ತೋರಿಸಿ. ಆವತ್ತಿನಿಂದಲೇ ಉಪ್ಪಿಟ್ಟು ಮಾಡುವುದನ್ನು ಬಿಡುತ್ತೇನೆ.