ದೊಡ್ಡೋರು ಬಂದ್ರು!

ಬಂಡೀಪುರದ ಕಾಡನ್ನು ನನ್ನ ಸೋದರಮಾವನಿಗೆ ಮದುವೆಯಲ್ಲಿ ಬಳುವಳಿಯಾಗಿ ಕೊಟ್ಟಿದ್ದಾರೆಂದು ನಾನು ಬಹಳ ಕಾಲ ನಂಬಿದ್ದೆ. ಇಲ್ಲದಿದ್ದರೆ ನಂಜನಗೂಡಿನ ಕಚೇರಿಯೊಂದರಲ್ಲಿ ಠಸ್ಸೆ ಒತ್ತುವ ಗುಮಾಸ್ತ "ನಮ್ ಕಾಡು, ನಮ್ ಒಳೆ" ಎಂದು ಅಷ್ಟು ಜಂಬ ಕೊಚ್ಚಿಕೊಳ್ಳಲು ಸಾಧ್ಯವೇ?

ಕಪಿಲೆಯ ನೀರನ್ನು ಬೊಗಸೆಯಲ್ಲಿ ಕುಡಿದು, ಕಣ್ಣು ಮುಚ್ಚಿ, "ಇದು ನುಗು ಒಳೆ ಕಡೇದು. ಬಿದಿರಿನ ವಾಸ್ನೆ ಐತೆ" ಎಂದು ತೀರ್ಪು ಕೊಡುತ್ತಿದ್ದ. ಒಮ್ಮೆ ಅತ್ತೆ, ಮನೆಯ ನಲ್ಲಿ ನೀರನ್ನೇ ಚೊಂಬಿನಲ್ಲಿ ಕೊಟ್ಟಳು. ಆಗಲೂ ಬಿದಿರೇ ಬಂತು!

"ಬಿದ್ರಲ್ಲ ಕಣ್ರೀ, ತೊಟ್ಟಿ ಪಾಚಿ! ತೊಳ್ಕೊಡಿ ಅಂತ ಯಾವತ್ತಿಂದ ಬಡ್ಕತಾ ಇವ್ನಿ!"

ತೊಂಬತ್ತರ ದಶಕದ ಕೊನೆ. ನಾನು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದೆ. "ಕಾಡಾಫೀಸಿನ ದೊಡ್ಡೋರು ನಂಗೆ ಬಲು ಬೇಕಾದೋರು. ಕೆಲ್ಸ ಆದಂಗೇಯ" ಎಂದು ಮಾವ ಒಂದು ಬೆಳಿಗ್ಗೆ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟ. ನೆಟ್ಟಗೆ ಆಫೀಸಿಗೆ ಹೋದನೇ? ಆಸ್ತಿ ತೋರಿಸದೆ ಹೋದರೆ ಹೇಗೆ! ಕಾಡಿನಂಚಿನ ಹಳ್ಳದ ಬಳಿ ಇಳಿಸಿದ.

ಬೇಸಗೆ. ತೇಗ, ಮತ್ತಿ, ದಿಂಡಿಗ ಯಾವುದರಲ್ಲೂ ಎಲೆಯಿಲ್ಲ. ಹಸಿರು ಅಂತ ಇದ್ದದ್ದು ಲಾಂಟಾನಾ ಪೊದೆ ಮಾತ್ರ.

"ಇದೇನ್ ಮಾವ, ಪೊರಕೆ ಕಡ್ಡಿ ನೆಟ್ಟಂಗಿದೆ?"

"ಬಟ್ಟೆ ಒಗಿಯಕ್ ಆಕವ್ರೆ ಕಣ್ಲಾ. ಮುಂಗಾರಿಗೆ ಉಟ್ಕತಾರೆ."

"ಹೊಳೆ ಎಲ್ಲಿ?"

"ಮಳ್ಳಿನ್ ಕೆಳಗೆ ಮಲ್ಗೈತೆ. ಮೆಲ್ಲುಗ್ ಮಾತಾಡು."

ಹೀಗೆಂದವನು ಕುಕ್ಕರುಗಾಲಲ್ಲಿ ಕೂತು ಮರಳು ಬಗೆದು ನೀರು ತೋರಿಸತೊಡಗಿದ. ಸಾಹೇಬರು ಆಫೀಸು ಬಿಟ್ಟು ಹೋದರೆ ಎಂದು ನನಗೆ ಚಡಪಡಿಕೆ. ಇದ್ದಕ್ಕಿದ್ದಂತೆ ಮಾವ ಪಿಸುಗುಟ್ಟಿದ: "ದೊಡ್ಡೋರು ಬಂದ್ರು."

ಅಬ್ಬಾ, ಕೊನೆಗೂ! ಅಂಗಿ ಸರಿಮಾಡಿಕೊಂಡೆ, ಹಲ್ಲು ಕಿರಿದೆ, ಕೈ ಜೋಡಿಸಿ ಪೊದೆಯತ್ತ ಹೆಜ್ಜೆಯಿಟ್ಟೆ. "ನಮಸ್ಕಾರ ಸಾರ್!"

ಕಾಡಿನಲ್ಲಿ ಆನೆಯನ್ನು ಹೆಸರು ಹಿಡಿದು ಕರೆಯಬಾರದು, ದೊಡ್ಡೋರು ಅನ್ನಬೇಕು ಎಂಬ ಪದ್ಧತಿಯನ್ನು ಬಿ.ಎಸ್ಸಿ.ಯಲ್ಲಿ ಯಾರು ಹೇಳಿಕೊಡುತ್ತಾರೆ? ಪೊದೆ ಸೀಳಿತು. ಕೆಮ್ಮಣ್ಣು ಮೆತ್ತಿದ ಹಣೆ, ಅಗಲಿಸಿದ ಕಿವಿ, ಆಮೇಲೆ ಆ ಕೂಗು. ಇವತ್ತಿಗೂ ಬಸ್ಸು ಕಿರ್ರೆಂದು ಬ್ರೇಕು ಹಾಕಿದರೆ ನನ್ನ ಕೈಗಳು ತಾವಾಗಿಯೇ ಕೂಡಿಕೊಳ್ಳುತ್ತವೆ!

ಆಫೀಸಿನ ಮೆಟ್ಟಿಲು ಹತ್ತಲು ಏದುಸಿರು ಬಿಡುವ ಮಾವ ಅದು ಹೇಗೆ ನನ್ನ ಮುಂದೆ ಬಂದು ನಿಂತನೋ! ಒಂದು ಕೈ ಹಿಂದೆ ಚಾಚಿ ನನ್ನ ಅಂಗಿ ಹಿಡಿದಿದ್ದ. "ಬುದ್ಧೀ, ನಮ್ ಕೂಸು ತಿಳೀದೆ ಮಾತಾಡ್ತು. ಓದ್ಕಂಡದೆ, ಬುದ್ಧಿ ಕಮ್ಮಿ. ನೀವು ನೀರ್ ಕುಡ್ಕಳಿ. ನಾವ್ ಓಯ್ತೀವಿ."

ಆನೆ ನುಗ್ಗಿತು, ಧೂಳೆಬ್ಬಿಸಿ ತಟ್ಟನೆ ನಿಂತಿತು. ನಾವು ಹಿಮ್ಮುಖವಾಗಿ ಸರಿದೆವು. ಅದು ಮಾವ ತೋಡಿದ ಗುಂಡಿಗೆ ಸೊಂಡಿಲಿಟ್ಟಿತು.

ಸ್ಕೂಟರಿನ ಬಳಿ ಬಂದಮೇಲೆ ನನಗೆ ಮಾತು ಬಂತು. "ಆನೆ ಅಂತ ಬಾಯ್ಬಿಟ್ಟು ಹೇಳೋಕೇನಾಗಿತ್ತು?"

"ಎಸ್ರು ಕರುದ್ರೆ ಬಂದ್ಬುಡ್ತಾರೆ ಕಣ್ಲಾ."

"ಬಂದೇ ಬಿಟ್ರಲ್ಲ ಮಾವ!"

ಅವನು ಒಂದೇ ಕೈಯಲ್ಲಿ ಸ್ಕೂಟರಿನ ಕೀಲಿಗಾಗಿ ಜೇಬು ತಡಕಿದ.

"ಅಂಗಿ ಬಿಡು ಮಾವ. ಸ್ಕೂಟರ್ ಓಡಿಸ್ಬೇಕಲ್ಲ."

"ಬಿಟ್ಟಿವ್ನಲ್ಲ ಆಗ್ಲೇ."

ಬಿಟ್ಟಿರಲಿಲ್ಲ. ನಾನು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಬಿಡಿಸಿದಂತೆಲ್ಲ ಅವು ಮತ್ತೆ ಅಂಗಿಯನ್ನೇ ಹಿಡಿದುಕೊಂಡವು. ಬಿಡಿಸುವುದನ್ನು ನಿಲ್ಲಿಸಿದೆ. ಬಿಸಿಲಿನಲ್ಲಿ ಹಾಗೆಯೇ ನಿಂತಿದ್ದೆವು.