ಡೈರಿಯವರ ಹಾಲಿನ ಲೆಕ್ಕ

ಹೆರಿಗೆ ವಾರ್ಡಿನಲ್ಲಿ ತಾಯಂದಿರಿಗೆ ಹಾಲೂಡಿಸಲು ಕಲಿಸುವುದು ನನ್ನ ಕೆಲಸ. ಶಿರ್ವದಿಂದ ಸೌದಿಯ ಅಲ್ ಖರ್ಜಿಗೆ ಬಂದು ಹನ್ನೊಂದು ವರ್ಷವಾಯಿತು. ಕಲಿಸಲು ಹೋದವಳು ಬಾಯಿಬಿಟ್ಟು ನೋಡುತ್ತ ನಿಲ್ಲುವುದು, ಆಮೇಲೆ ಹೊಟ್ಟೆ ಹಿಡಿದು ನಗುವುದು, ಎರಡೂ ಇಲ್ಲಿ ವಾರಕ್ಕೊಮ್ಮೆಯಾದರೂ ಇದ್ದದ್ದೇ. ಮುಂದಿನ ಮೂರೂ ಒಂದೇ ಮಗುವಿನ ಪ್ರಸಂಗಗಳು.

೧. ಗಿಣ್ಣು

ಮಗುವಿನ ಅಪ್ಪ ಉಪ್ಪಿನಂಗಡಿಯವರು, ಇಲ್ಲಿನ ಡೈರಿ ಫಾರ್ಮಿನಲ್ಲಿ ಸೂಪರ್‌ವೈಸರ್. ಹೆರಿಗೆಯಾದ ಬೆಳಿಗ್ಗೆಯೇ ನೀಲಿ ರಟ್ಟಿನ ಪುಸ್ತಕ ಹಿಡಿದು ಬಂದರು.

"ಸಿಸ್ಟರ್, ಹಾಲು ಎಷ್ಟು ಬಂತು?"

"ಅರ್ಧ ಚಮಚ."

ಅವರ ಮುಖ ಬಾಡಿತು. "ನಮ್ಮಲ್ಲಿ ಕರುವಿಗೆ ಮೊದಲ ಗಿಣ್ಣೇ ಲೀಟರುಗಟ್ಟಲೆ ಕುಡಿಸ್ತೇವೆ."

ಮೊದಲ ದಿನ ಮಗುವಿನ ಹೊಟ್ಟೆ ಗೋಲಿಯಷ್ಟೇ, ಆ ಹಳದಿ ಹನಿಗಳೇ ಅದಕ್ಕೆ ರೋಗ ತಡೆಯುವ ಮೊದಲ ಮದ್ದು ಎಂದೆ.

"ಸರಿ, ತಾಯಿಗೆ ಎಂತ ಲಾಭ?"

ಮಗು ಚೀಪಿದ ಹಾಗೆ ಗರ್ಭಕೋಶ ಕುಗ್ಗುತ್ತದೆ, ರಕ್ತ ಹೋಗುವುದು ಕಡಿಮೆಯಾಗುತ್ತದೆ ಎಂದೆ. ಅದನ್ನೂ ಬರೆದುಕೊಂಡರು.

ಪರದೆಯ ಹಿಂದಿನಿಂದ ಹೆಂಡತಿಯ ಸ್ವರ ಬಂತು. "ಸಿಸ್ಟರ್, ದನಗಳ ಹಾಗೆ ನನ್ನ ಕಿವಿಗೂ ನಂಬರಿನ ಬಿಲ್ಲೆ ಹಾಕುವ ಮೊದಲು ಇವರನ್ನು ಹೊರಗೆ ಕಳಿಸಿ."

೨. ಎಸಿ

ಮರುದಿನ ಮಗು ಮೊಲೆ ಹಿಡಿಯಲೇ ಇಲ್ಲ. ತಾಯಿ ಅಳತೊಡಗಿದಳು. ನಾನು ಮಗುವಿನ ಬಟ್ಟೆ ತೆಗೆದು ಅವಳ ಎದೆಯ ಮೇಲೆ ಬೋರಲು ಮಲಗಿಸಿ ಕೈಕಟ್ಟಿ ನಿಂತೆ. ಸ್ವಲ್ಪ ಹೊತ್ತು ಏನಿಲ್ಲ. ಮತ್ತೆ ತಲೆ ಎತ್ತಿತು, ಮೂಸಿತು, ಕಾಲು ಒದೆದು ಒದೆದು ಮೇಲೆ ಸರಿದು ತಾನೇ ಬಾಯಿ ಹಾಕಿತು. ನಿನ್ನೆ ಹುಟ್ಟಿದ ಜೀವಕ್ಕೆ ಇದನ್ನು ಕಲಿಸಿದವರು ಯಾರು? ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಊರಿನಿಂದ ಅಜ್ಜಿ ವಿಡಿಯೋ ಕಾಲಿನಲ್ಲಿದ್ದರು. ಫೋನು ಹಿಡಿದಿದ್ದ ಅಪ್ಪ ನಾಚಿಕೆಯಿಂದ ಗಟ್ಟಿಯಾಗಿ ಕಣ್ಣು ಮುಚ್ಚಿದ್ದರು.

"ಮಗು ಕುಡೀತಾ ಉಂಟಾ?" ಅಜ್ಜಿ ಕೂಗಿದರು. "ನನಗೆ ಆಗಿನಿಂದ ಎಸಿ ಮಾತ್ರ ಕಾಣ್ತದೆ."

೩. ಬೀಗರು

ಮನೆಗೆ ಹೋದ ವಾರದೊಳಗೆ ತಾಯಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಕೊಟ್ಟ ಮದ್ದು ಜೋರಿನದು, ಆರು ದಿನ ಹಾಲು ಕೊಡಬಾರದೆಂದರು ಡಾಕ್ಟರ್. ಡಬ್ಬಿ ಹಾಲನ್ನು ಮಗು ಕಾರಿಕೊಂಡಿತು. ಕೆಳಗಿನ ಫ್ಲ್ಯಾಟಿನ ಗೆಳತಿಗೆ ಮೂರು ತಿಂಗಳ ಹೆಣ್ಣುಮಗು. "ಇವನನ್ನೂ ಇಲ್ಲಿ ಕೊಡಿ," ಎಂದಳು. ಇಬ್ಬರೂ ಬಸುರಿಯರಾಗಿದ್ದಾಗಿನಿಂದ ಗಂಡಂದಿರು ಒಬ್ಬರನ್ನೊಬ್ಬರು 'ಬೀಗರೇ' ಎಂದೇ ಕರೆಯುತ್ತಿದ್ದರು.

ಗೆಳತಿಯ ರಕ್ತ ಪರೀಕ್ಷೆ ಸರಿಯಿತ್ತು, ನಾನೂ ಒಪ್ಪಿದೆ. ಎರಡೇ ದಿನದಲ್ಲಿ ಅವಳ ಎದೆ ಇಬ್ಬರಿಗಾಗುವಷ್ಟು ಹಾಲು ತುಂಬಿಕೊಂಡಿತು. ಕೇಳಿದವರು ಹೆಚ್ಚಾದರೆ ತಾನೂ ಹೆಚ್ಚುವ ಇಂಥ ವಸ್ತು ಬೇರೊಂದನ್ನು ನಾನು ಕಂಡಿಲ್ಲ.

ಇತ್ತ ತಾಯಿ ಹಾಲು ಬತ್ತದಿರಲೆಂದು ಹಿಂಡಿ ಹಿಂಡಿ ಚೆಲ್ಲುತ್ತಿದ್ದಳು. "ನನ್ನನ್ನು ಮರೆತುಬಿಟ್ಟರೆ ಎಂತ ಮಾಡುವುದು ಸಿಸ್ಟರ್?" ಅವಳಿಗೆ ಅದೊಂದೇ ಭಯ. ನಾನು ಧೈರ್ಯ ಹೇಳಿದೆ, ನನಗೂ ಒಳಗೊಳಗೇ ಅಳುಕಿತ್ತು.

ಏಳನೆಯ ದಿನ ಅವಳ ಮನೆಗೆ ಹೋದೆ. ಗಂಡನ ಜೊತೆ ಬಂದಿದ್ದ ಗೆಳತಿ ಮಗುವನ್ನು ತಾಯಿಯ ಮಡಿಲಲ್ಲಿಟ್ಟಳು. ಮಗು ಒಮ್ಮೆ ಮೂಸಿ, ನಿನ್ನೆ ತಾನೇ ಬಿಟ್ಟು ಹೋದವನ ಹಾಗೆ ಕುಡಿಯತೊಡಗಿತು. ತಾಯಿ ಅತ್ತಳು, ನಾವೂ ಅತ್ತೆವು.

ಫೋನಿನಲ್ಲಿದ್ದ ಅಜ್ಜಿ ಮಾತ್ರ ಕೇಳಿದರು, "ಆಚೆಯವಳ ಹಾಲು ಎಷ್ಟು ಸಲ ಕುಡಿದಿದ್ದಾನೆ?"

ನಮ್ಮ ಡೈರಿಯವರು ಹೆಮ್ಮೆಯಿಂದ ನೀಲಿ ಪುಸ್ತಕ ತೆರೆದರು. "ಐವತ್ತೇಳು ಸಲ, ಉಮ್ಮ," ಎಂದರು ತಾಯಿಗೆ. "ಒಂದೂ ಬಿಡದೆ ಬರೆದಿದ್ದೇನೆ."

"ನಮ್ಮ ಇಸ್ಲಾಮಿನ ಲೆಕ್ಕದಲ್ಲಿ ಐದು ಸಲ ಹೊಟ್ಟೆ ತುಂಬ ಕುಡಿದರೆ ಸಾಕು ಮಾರಾಯ, ಅವಳೂ ಅವನಿಗೆ ಉಮ್ಮ. ಅವಳ ಮಗಳು ಇವನಿಗೆ ಅಕ್ಕ. ಇನ್ನು ಮದುವೆ ಇಲ್ಲ."

ಬೀಗರಿಬ್ಬರೂ ಮುಖ ಮುಖ ನೋಡಿಕೊಂಡರು. ಡೈರಿಯವರು ನನ್ನ ಹತ್ತಿರ ಸರಿದು ಪಿಸುಗುಟ್ಟಿದರು. "ಸಿಸ್ಟರ್, ಅದರಲ್ಲಿ ಐವತ್ಮೂರು ಸಲ ನಾನು ಎಣಿಸಿದ್ದೇ ತಪ್ಪು, ಕುಡಿದದ್ದು ನಾಲ್ಕೇ ಸಲ ಅಂತ ಹೇಳಲಿಕ್ಕಾಗ್ತದಾ?"

ಕೆಳಗಿನ ಗೆಳತಿಗೆ ಅದು ಕೇಳಿಸಿತು. "ಒಂದೂ ತಪ್ಪಿಲ್ಲ, ನಾನೂ ಎಣಿಸಿದ್ದೇನೆ," ಎಂದಳು. "ನಾನೂ ಉಮ್ಮ ಅಲ್ವಾ, ಅವನಿಗೆ ಹುಡುಗಿ ನೋಡ್ಲಿಕ್ಕೆ ಹೋಗುವಾಗ ಕಾರಿನಲ್ಲಿ ಮುಂದಿನ ಸೀಟು ನನಗೆ. ನೀವು ಪುಸ್ತಕ ಹಿಡ್ಕೊಂಡು ಹಿಂದೆ ಕೂತ್ಕೊಳ್ಳಿ."