ನಾಲ್ಕು ಇಲಾಖೆ, ಒಂದು ಕಂಟೇನರ್ ಮಂಡಕ್ಕಿ

ಮೂವತ್ತು ವರ್ಷದಿಂದ ದಾವಣಗೆರೆಯಲ್ಲಿ ಮಂಡಕ್ಕಿ ವ್ಯಾಪಾರ ಮಾಡುತ್ತಿದ್ದೇನೆ. ಸರ್ಕಾರ ನನ್ನ ಮೇಲೆ ಸಿಟ್ಟಾದಾಗಲೆಲ್ಲ ಹೇಗೋ ಪಾರಾಗಿದ್ದೇನೆ; ಪ್ರೀತಿ ತೋರಿಸಿದಾಗ ಮಾತ್ರ ಎದೆ ಡವಡವ ಅನ್ನುತ್ತದೆ. ಇಂಥದ್ದು ವರ್ಷಕ್ಕೊಂದಾದರೂ ಆಗುತ್ತಲೇ ಇರುತ್ತದೆ. ಈಚೆಗೆ ಒಂದೇ ವಿಷಯದಲ್ಲಿ ಸಾಲಾಗಿ ಐದು ಸಲ ಆಯಿತು. ಯಾವ್ಯಾವ ಇಲಾಖೆ ಎಂದು ಬರೆಯುವುದಿಲ್ಲ. ನಾನಿನ್ನೂ ಇದೇ ಊರಲ್ಲಿ ವ್ಯಾಪಾರ ಮಾಡಬೇಕು.

೧. ಲಕೋಟೆ

ಒಂದು ದಿನ ಅಂಗಡಿಗೆ ಕಂದು ಲಕೋಟೆ ಬಂತು. ಮೇಲೆ ಸರ್ಕಾರದ ಮುದ್ರೆ. ನನ್ನ ಅನುಭವದಲ್ಲಿ ಆ ಬಣ್ಣದ ಲಕೋಟೆಯಲ್ಲಿ ಯಾರಿಗೂ ಮದುವೆ ಕರೆಯೋಲೆ ಬಂದಿಲ್ಲ. ಎರಡು ದಿನ ಒಡೆಯಲಿಲ್ಲ. ಮನೆಗೆ ಒಯ್ದರೆ ಹೆಂಡತಿ ಅದನ್ನು ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿದಳು.

"ಒಡೀರಿ, ಏನಾಗ್ತತೆ?" ಅಂದಳು.

"ಒಡೆದ್ರೆ ತಲುಪಿತು ಅಂತ ಆಗ್ತತೆ. ಒಡೀದಿದ್ರೆ ಇನ್ನೂ ದಾರಿಯಾಗೈತೆ."

ಮೂರನೇ ದಿನ ಆಡಿಟರ್ ಹತ್ತಿರ ಹೋದೆ. ಅವರು ಕನ್ನಡಕ ಒರೆಸಿ, ಓದಿ, ಮತ್ತೊಮ್ಮೆ ಕನ್ನಡಕ ಒರೆಸಿದರು.

"ನೋಟಿಸಾ?"

"ಅಲ್ಲ. ಹೊರದೇಶಕ್ಕೆ ಮಾಲು ಕಳಿಸಾಕೆ ನಿಮಗೆ ಸಹಾಯ ಮಾಡ್ತಾರಂತೆ. ನಾಲ್ಕು ಇಲಾಖೆ ಒಟ್ಟಾಗಿ. ಆಫ್ರಿಕಾ ಕಡೆಯಿಂದ ಕೊಳ್ಳೋರು ಬರ್ತಾರೆ, ಮೀಟಿಂಗ್ ಐತೆ, ಬರ್ರಿ ಅಂತ ಬರೆದಾರೆ."

"ನಾಲ್ಕೂ ಇಲಾಖೆ ಒಟ್ಟಿಗೇನಾ?"

"ಹೂಂ."

"ಒಬ್ಬೊಬ್ರೇ ಬಂದು ತೊಂದ್ರೆ ಕೊಡೋ ಹಂಗೇನಾದ್ರೂ ಮಾಡಾಕೆ ಬರ್ತತಾ, ಕೇಳಿ ನೋಡ್ರಿ," ಅಂದೆ.

೨. ಎರಡು ಚೀಲ

ಹೋಗದಿದ್ದರೆ ಹೆಸರು ಬರೆದುಕೊಳ್ಳುತ್ತಾರೆ ಎಂಬ ಭಯಕ್ಕೆ ಹೋದೆ. ಜೊತೆಗೆ ನಮ್ಮ ಭಟ್ಟಿ ಸಾಬರನ್ನೂ ಕರೆದುಕೊಂಡೆ. ಇಪ್ಪತ್ತು ವರ್ಷದಿಂದ ನನ್ನ ಅಂಗಡಿಗೆ ಮಂಡಕ್ಕಿ ಹುರಿದು ಕೊಡುವವರು ಅವರೇ. ಅವರ ಮಂಡಕ್ಕಿ ಬಾಯಿಗೆ ಹಾಕಿದರೆ ಪಕ್ಕದ ಮನೆಗೆ ಸದ್ದು ಕೇಳಬೇಕು, ಅಷ್ಟು ಗರಿಗರಿ. ಅದೇ ಅವರ ಹೆಮ್ಮೆ.

ವೇದಿಕೆ ಮೇಲೆ ನಾಲ್ಕು ಇಲಾಖೆಯ ನಾಲ್ವರು, ಅವರ ಪಕ್ಕ ಮಾಲು ಕೊಳ್ಳಲು ಬಂದ ಆಫ್ರಿಕಾದ ಅತಿಥಿ. ಕೆಳಗೆ ನಾವು ವ್ಯಾಪಾರಿಗಳು, ಎಲ್ಲರೂ ಬಾಗಿಲ ಪಕ್ಕದ ಕುರ್ಚಿಗಳಲ್ಲಿ. ಮುಖ್ಯ ಅಧಿಕಾರಿ ಮೈಕ್ ಹಿಡಿದು, "ಒಬ್ಬೊಬ್ಬರೇ ಎದ್ದು ದಿನಕ್ಕೆ ಎಷ್ಟು ಉತ್ಪಾದನೆ ಅಂತ ಹೇಳಿ" ಅಂದರು.

ಸರ್ಕಾರಿ ಮನುಷ್ಯ ಉತ್ಪಾದನೆ ಕೇಳಿದರೆ ಏನು ಹೇಳಬೇಕೆಂದು ನಮ್ಮ ಬಜಾರಿನಲ್ಲಿ ತೊಟ್ಟಿಲಲ್ಲೇ ಕಲಿಸುತ್ತಾರೆ. ಮೊದಲನೆಯವನು ಮೂರು ಚೀಲ ಅಂದ. ಎರಡನೆಯವನು ಎರಡು ಚೀಲ, ಅದೂ ಕರೆಂಟ್ ಇದ್ದರೆ. ನಾನೂ ಎರಡಕ್ಕೇ ನಿಂತೆ. ಸಾಬರು ಎದ್ದು, "ನಂದು ಭಟ್ಟಿ ಆರಿ ಆರು ತಿಂಗಳಾತು ಸಾರ್" ಅಂದು ಕೂತರು.

ಅಧಿಕಾರಿಗೆ ಬೇಸರವಾಯಿತು. "ಛೆ, ಇವರಿಗೆ ತಿಂಗಳಿಗೊಂದು ಕಂಟೇನರ್ ಬೇಕಂತೆ. ದರವೂ ಇಲ್ಲಿಗಿಂತ ಒಂದೂವರೆ ಪಟ್ಟು. ನಿಮ್ಮಲ್ಲಿ ಯಾರಿಂದಲೂ ಆಗಲ್ಲ ಬಿಡಿ."

ಎಲ್ಲರಿಗಿಂತ ಮೊದಲು ಸಾಬರ ಕೈ ಮೇಲೆದ್ದಿತು.

"ನಾ ಕೊಡ್ತೀನಿ ಸಾರ್."

"ನಿಮ್ಮ ಭಟ್ಟಿ ಆರಿದೆ ಅಂದ್ರಲ್ಲ?"

"ಈಗ ಹೊತ್ತಿತು ಸಾರ್."

ಖುಷಿಯಾದ ಅಧಿಕಾರಿ, "ಹೀಗಿರಬೇಕು ಉತ್ಸಾಹ! ನೀವು ಆಫ್ರಿಕಾದಲ್ಲೇ ಒಂದು ಭಟ್ಟಿ ಯಾಕೆ ಹಾಕಬಾರದು? ಬಂಡವಾಳ ಹೂಡೋರಿಗೆ ಅಲ್ಲಿ ಜಾಗ, ಲೈಸೆನ್ಸ್ ಎಲ್ಲ ಕೊಡ್ತಾರೆ" ಅಂದರು.

ಸಾಬರು ಎದೆ ಮೇಲೆ ಕೈ ಇಟ್ಟುಕೊಂಡು ಹೇಳಿದರು: "ಹಾಕ್ತೀನಿ ಸಾರ್. ಇಲ್ಲೇ ನಿಟ್ಟುವಳ್ಳಿಯಾಗೆ ಎರಡನೇ ಭಟ್ಟಿಗೆ ಲೈಸೆನ್ಸ್ ಕೇಳಿ ಮೂರು ವರ್ಷಾತು. ಅಲ್ಲೀದು ಮೊದ್ಲು ಸಿಗಬಹುದು."

೩. ಬೀಗ

ಮಾರನೇ ದಿನ ಆಫ್ರಿಕಾದ ಅತಿಥಿ ಭಟ್ಟಿ ನೋಡಲು ಬರುವುದೆಂದಾಯಿತು. ನಾನು ಹಿಂದಿನ ಸಂಜೆಯೇ ಸಾಬರಿಗೆ, "ನಾಲ್ಕೂ ಇಲಾಖೆಯೋರು ಬರ್ತಾರೆ, ಹೆದರಬ್ಯಾಡ್ರಿ" ಎಂದು ಹೇಳಿದ್ದೆ. ಅದೇ ನನ್ನ ತಪ್ಪು. ಹೆದರಬ್ಯಾಡ್ರಿ ಅಂದರೆ ಹೆದರುವಂಥದ್ದು ಏನೋ ಇದೆ ಎಂದು ಇಡೀ ಓಣಿಗೆ ಸುದ್ದಿಯಾಯಿತು.

ಬೆಳಿಗ್ಗೆ ಏಳು ಬಿಳಿ ಗಾಡಿಗಳು ಸಾಲಾಗಿ ಓಣಿಗೆ ತಿರುಗಿದವು. ಮೊದಲ ಗಾಡಿಯಲ್ಲಿ ನಾನು. ನೋಡುತ್ತೇನೆ, ಒಂದು ಭಟ್ಟಿಯೂ ತೆರೆದಿಲ್ಲ. ಓಣಿಯಲ್ಲಿ ನಾಯಿ ಕೂಡ ಇಲ್ಲ. ಸಾಬರ ಬಾಗಿಲಿಗೆ ಅಂಗೈ ಅಗಲದ ಬೀಗ. ಗೋಡೆ ಮರೆಗೆ ಹೋಗಿ ಫೋನ್ ಮಾಡಿದೆ.

"ಎಲ್ಲಿದೀರ್ರಿ ಸಾಬ್ರೆ?"

"ಉಕ್ಕಡಗಾತ್ರಿ ಬಸ್ನಾಗಿದೀನಿ."

"ದೆವ್ವ ಬಿಡ್ಸೋ ಉಕ್ಕಡಗಾತ್ರಿಯಾಗೆ ನಿಮಗೇನು ಕೆಲಸ್ರಿ?"

"ಕೆಲ್ಸ ಏನಿಲ್ಲ. ಸ್ಟ್ಯಾಂಡಿನಾಗೆ ಮೊದ್ಲು ಹೊಂಟಿದ್ದ ಬಸ್ಸು ಇದೇ ಇತ್ತು. ಸಾವ್ಕಾರ್ರೆ, ಗಾಡಿ ಎಷ್ಟು ಬಂದಾವೆ?"

"ಏಳು."

"ಯಾ ಅಲ್ಲಾ! ಹಂಗಾದ್ರೆ ನಾ ಅಲ್ಲೇ ಉಳ್ಕೊಂತೀನಿ," ಎಂದು ಫೋನ್ ಇಟ್ಟರು.

ಅವಸರದಲ್ಲಿ ಬೆಂಕಿ ಆರಿಸದೆ ಓಡಿದ್ದರು. ಬಾಗಿಲಿಗೆ ಬೀಗ, ಚಿಮಣಿಯಲ್ಲಿ ದಟ್ಟ ಹೊಗೆ. ಅತಿಥಿ ಅದನ್ನೇ ದಿಟ್ಟಿಸಿ ನೋಡಿ, ಒಳಗೆ ಕೆಲಸಗಾರರು ಯಾರೂ ಇಲ್ಲವೇ, ಬೀಗ ಹಾಕಿದ ಕಾರ್ಖಾನೆ ಹೇಗೆ ನಡೆಯುತ್ತಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದ. ಮುಖ್ಯ ಅಧಿಕಾರಿ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಅಧಿಕಾರಿ ಕೋಟು ಸರಿಮಾಡಿಕೊಂಡು ಒಂದೇ ಮಾತು ಹೇಳಿದರು:

"ಫುಲ್ಲಿ ಆಟೊಮ್ಯಾಟಿಕ್."

ಅತಿಥಿ ಅಲ್ಲೇ ನಿಂತು ಆರ್ಡರ್ ಕೊಟ್ಟ.

೪. ಗಾಳಿ

ಅತಿಥಿ ಒಂದು ಚೀಲ ಸ್ಯಾಂಪಲ್ ತೆಗೆದುಕೊಂಡು ಊರಿಗೆ ಹೋದ. ಆರ್ಡರ್ ಜೊತೆಗೆ ಕರಾರು ಬಂತು. ಮಾಲು ಕೆಟ್ಟರೆ ನಾನೇ ನನ್ನ ಖರ್ಚಿನಲ್ಲಿ ವಾಪಸ್ ತರಿಸಿಕೊಳ್ಳಬೇಕು. ಸಮುದ್ರದಾಚೆಯಿಂದ ಒಂದು ಕಂಟೇನರ್ ಮಂಡಕ್ಕಿ ವಾಪಸ್ ಬರುವುದೆಂದರೆ ನನ್ನ ಅಂಗಡಿಗೂ ಸಾಬರ ಭಟ್ಟಿಗೂ ಒಟ್ಟಿಗೇ ಬಾಗಿಲು ಹಾಕಿದಂತೆ. ಒಂದೂವರೆ ಪಟ್ಟು ದರ ನೆನೆದು ರುಜು ಹಾಕಿದೆ.

ಸಾಬರ ಮನೆಯವರೆಲ್ಲ ಸೇರಿ ಹುರಿದರು. ಗಾಳಿ ಆಡದಂತೆ ಪ್ರತಿ ಚೀಲದೊಳಗೆ ಪ್ಲಾಸ್ಟಿಕ್ ಚೀಲ, ಅದಕ್ಕೆ ಬಿಗಿಯಾದ ಸೀಲು. ಗುತ್ತೂರಿನ ಗೋದಾಮಿನಲ್ಲಿ ಕಂಟೇನರನ್ನು ಸೂರು ಮುಟ್ಟುವವರೆಗೆ ತುಂಬಿ, ಹರಿಹರದ ವೇಬ್ರಿಡ್ಜಿಗೆ, ಅಂದರೆ ಲಾರಿ ತೂಗುವ ಕಾಟಾಕ್ಕೆ, ತಂದೆವು. ನಾಲ್ವರು ಅಧಿಕಾರಿಗಳೂ ಹಾಜರು. ಕಾಗದದಲ್ಲಿ ಅವರು ಅಕ್ಕಿಯ ಲೆಕ್ಕದಲ್ಲಿ ಇಪ್ಪತ್ತು ಟನ್ ಎಂದು ಬರೆದಿದ್ದರು. ಕಾಟಾ ಐದು ಟನ್ನನ್ನೂ ತೋರಿಸಲಿಲ್ಲ.

"ಉಳಿದದ್ದು ಎಲ್ಲಿ?" ಮುಖ್ಯ ಅಧಿಕಾರಿಯ ದನಿ ಬದಲಾಗಿತ್ತು.

ಸಾಬರು ಮೆಲ್ಲಗೆ ನನ್ನ ಹಿಂದೆ ಸರಿದರು. ನಾನೇ ಹೇಳಿದೆ: "ಉಳಿದಿದ್ದು ಗಾಳಿ ಸಾರ್. ಮಂಡಕ್ಕಿ ಅಂದ್ರೆ ಹಂಗೇ."

"ಗಾಳಿಗೆ ಬಿಲ್ ಮಾಡಿದ್ದೀರಾ?"

"ಇಲ್ಲ ಸಾರ್, ಗಾಳಿ ಫ್ರೀ."

ಈ ಉತ್ತರ ಅವರಿಗೆ ಹಿಡಿಸಲಿಲ್ಲ. ಒಳಗೆ ಬೇರೇನೋ ಇರಬಹುದೆಂಬ ಗುಮಾನಿ ಬಂತು. ತುಂಗಭದ್ರೆ ಕಡೆಯಿಂದ ತಂಪು ಗಾಳಿ, ಮೇಲೆ ಜಿಟಿಜಿಟಿ ಮಳೆ. ಚೀಲಗಳನ್ನು ಇಳಿಸಿ ಒಂದು ಇಲಾಖೆ ಚಾಕು ಹಾಕಿ ಸೀಲು ಹರಿದು ನೋಡಿತು. ಅದು ನೋಡಿದ್ದನ್ನು ಇನ್ನೊಂದು ಇಲಾಖೆ ನಂಬುವಂತಿಲ್ಲ, ಅದಕ್ಕೆ ಬೇರೆ ಚೀಲಗಳು. ಮೂರನೆಯದಕ್ಕೆ ಮತ್ತೆ ಬೇರೆ. ನಾಲ್ಕನೆಯವರು ಊಟಕ್ಕೆ ಹೋಗಿ ಬಂದು ಉಳಿದ ಚೀಲಗಳನ್ನೆಲ್ಲ ಬಿಚ್ಚಿಸಿದರು. ಹೀಗೆ ಮೂರು ದಿನ. ಸಾಬರು ಪ್ರತಿ ಚೀಲಕ್ಕೂ ಚಾಕು ಬಿದ್ದಾಗ ತಮ್ಮ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

ಕೊನೆಗೆ, "ಮಂಡಕ್ಕಿಯೇ. ತಗೊಂಡು ಹೋಗಿ" ಎಂದು ಅಪ್ಪಣೆಯಾಯಿತು.

"ಸಾರ್, ಸೀಲು ಹಾಕೋರು?" ಕೇಳಿದೆ.

ಮುಖ್ಯ ಅಧಿಕಾರಿ ಹೇಳಿದರು: "ತೆರೆಯೋದಕ್ಕೆ ನಾಲ್ಕು ಇಲಾಖೆ ಇದೀವಿ. ಮುಚ್ಚೋದು ಯಾರ ವ್ಯಾಪ್ತಿಗೂ ಬರಲ್ಲ."

೫. ಫೋನ್

ಹಡಗು ಹೊರಡುವ ಗಡುವು ತಲೆ ಮೇಲಿತ್ತು. ಹರಿದ ಪ್ಲಾಸ್ಟಿಕ್ಕಿಗೆ ಸುತಲಿ ದಾರ ಕಟ್ಟಿ ಕಳಿಸಿದೆವು. ಮಂಡಕ್ಕಿಗೆ ಒಂದು ಸಂಜೆ ತಂಪು ಗಾಳಿ ಹೊಡೆದರೆ ಮೆತ್ತಗಾಗುತ್ತದೆಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ಇದಕ್ಕೆ ಮೂರು ದಿನದ ಮಳೆ, ಮೇಲೆ ಸಮುದ್ರದ ಗಾಳಿ. ಒಂದು ತಿಂಗಳು ನಾನು ಸರಿಯಾಗಿ ಊಟ ಮಾಡಲಿಲ್ಲ. ಸಾಬರು ದಿನಾ ಅಂಗಡಿಗೆ ಬಂದು, "ಏನಾರ ಗೊತ್ತಾತೇನ್ರಿ?" ಎಂದು ಕೇಳಿ, ಚಹಾ ಮುಟ್ಟದೆ ಎದ್ದು ಹೋಗುತ್ತಿದ್ದರು.

ಕೊನೆಗೆ ಆಫೀಸಿನಿಂದ ಕರೆ ಬಂತು: "ಕೊಳ್ಳೋರು ವಿಡಿಯೋದಲ್ಲಿ ಮಾತಾಡಬೇಕಂತೆ, ಬನ್ನಿ." ನಾನೂ ಸಾಬರೂ ಹೋದೆವು. ನಾಲ್ವರು ಅಧಿಕಾರಿಗಳು ಕೂತಿದ್ದರು. ನಾವು ಕೂತ ಕೂಡಲೇ ನಾಲ್ಕೂ ಕುರ್ಚಿ ಒಂದೊಂದು ಗೇಣು ಆಚೆ ಸರಿದವು. ಅಲ್ಲಿಯವರೆಗೆ 'ನಮ್ಮ ಯೋಜನೆ' ಅನ್ನುತ್ತಿದ್ದ ಮುಖ್ಯ ಅಧಿಕಾರಿ ಅಂದು, "ನಿಮ್ಮ ಮಾಲಿನ ಬಗ್ಗೆ ನೀವೇ ಉತ್ತರ ಕೊಡಬೇಕು, ನಮಗೂ ಇದಕ್ಕೂ ಸಂಬಂಧ ಇಲ್ಲ" ಅಂದರು.

ಪರದೆ ಮೇಲೆ ಅತಿಥಿಯ ಮುಖ ಬಂತು. ಅವನ ಕೈಯಲ್ಲಿ ನಮ್ಮ ಮಂಡಕ್ಕಿ. ಒಂದು ಹಿಡಿ ಬಾಯಿಗೆ ಹಾಕಿ ಅಗಿದ. ಇಷ್ಟೂ ಸದ್ದಿಲ್ಲ. ಸಾಬರು ಕಣ್ಣು ಮುಚ್ಚಿಕೊಂಡರು.

ಅವನು ನುಂಗಿ, ನಕ್ಕು, ಹೇಳಿದ್ದನ್ನು ಅಧಿಕಾರಿ ಕನ್ನಡದಲ್ಲಿ ಹೇಳಿದರು. ಅವರ ಕಡೆ ಇದನ್ನು ಬೆಳಿಗ್ಗೆ ಬಿಸಿ ಹಾಲಿಗೆ ಹಾಕಿ ಮಕ್ಕಳಿಗೂ ಹಲ್ಲಿಲ್ಲದ ಮುದುಕರಿಗೂ ಕೊಡುತ್ತಾರಂತೆ. ನಾವು ಮೊದಲು ಕೊಟ್ಟ ಸ್ಯಾಂಪಲ್ ಬಹಳ ಗಟ್ಟಿ, ಹಾಲಿನ ಮೇಲೆ ತೇಲುತ್ತಿತ್ತು, ಒಸಡಿಗೆ ಚುಚ್ಚುತ್ತಿತ್ತು. ಇದು ಮಾತ್ರ ಬೆಣ್ಣೆ. ಹೀಗೇ ಇದ್ದರೆ ಇನ್ನು ಮುಂದೆ ತಿಂಗಳಿಗೆ ಎರಡು ಕಂಟೇನರ್ ಬೇಕು. ಸ್ವಲ್ಪ ಗರಿಗರಿಯಾದರೂ ವಾಪಸ್ಸು.

ನಾಲ್ಕೂ ಕುರ್ಚಿ ನಮ್ಮ ಪಕ್ಕಕ್ಕೆ ಬಂದು ಅಂಟಿಕೊಂಡವು. "ಇದು ನಮ್ಮ ನಾಲ್ಕೂ ಇಲಾಖೆಗಳ ಸಮನ್ವಯದ ಫಲ," ಎಂದರು ಮುಖ್ಯ ಅಧಿಕಾರಿ.

ಹೊರಗೆ ಬಂದಾಗ ಸಾಬರ ಮುಖ ಮೊದಲಿಗಿಂತ ಬಿಳಿಚಿತ್ತು. ನನ್ನ ತೋಳು ಹಿಡಿದು ನಿಲ್ಲಿಸಿದರು.

"ಸಾವ್ಕಾರ್ರೆ, ನಮ್ಮಪ್ಪ ಗರಿಗರಿ ಮಾಡಾದೊಂದೇ ಕಲಿಸಿದ್ದು. ಮೆತ್ತಗಿನ ಮಂಡಕ್ಕಿ ಮಾಡಾಕೆ ನಂಗೆ ಬರಲ್ಲ. ತಿಂಗಳಿಗೆ ಎರಡು ಕಂಟೇನರ್! ಗರಿಗರಿ ಮಾಲು ಕಳಿಸಿದ್ರೆ ಇಬ್ರೂ ಮುಳುಗ್ತೀವಿ. ಏನ್ ಮಾಡಾದು?"

"ನೀವು ಎಂದಿನಂಗೆ ಹುರೀರಿ ಸಾಬ್ರೆ," ಅಂದೆ. "ಆಮ್ಯಾಲೆ ತಪಾಸಣೆ ಮಾಡ್ರಿ ಅಂತ ನಾಲ್ಕೂ ಇಲಾಖೆಗೆ ಒಂದೊಂದು ಅರ್ಜಿ ಕೊಡಾಣ."